ಎರಡು ಅಲಿಫಿನ ಬಸ್ಸು

ನನ್ನ ಚಿಕ್ಕಮ್ಮನಿಗೆ ಕನ್ನಡ ಓದಲು ಬರುವುದಿಲ್ಲ. ಕುರ್‌ಆನ್ ಚೆನ್ನಾಗಿ ಓದುತ್ತಾರೆ. ಅವರ ಕಾಲದ ನಮ್ಮ ಕರಾವಳಿಯ ಅನೇಕ ಬ್ಯಾರಿ ಹೆಂಗಸರ ಹಾಗೆ ಅವರಿಗೆ ಸಿಕ್ಕಿದ ಅಕ್ಷರ ಅದೊಂದೇ. ಮದುವೆಯಾಗಿ ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಚಾಮರಾಜಪೇಟೆಗೆ ಬಂದರು. ಅಂಗಡಿ ಬೋರ್ಡು ಓದಲು ಬಾರದ, ಬಂದ ಹೊಸತರಲ್ಲಿ ಸರಿಯಾಗಿ ಕನ್ನಡ ಮಾತಾಡಲೂ ಬಾರದ ಆ ಹೆಂಗಸು ಮುಂದೆ ಹತ್ತಿರ ಹತ್ತಿರ ಮೂವತ್ತು ವರ್ಷ ಈ ಊರಲ್ಲಿ ಯಾರ ಹಂಗೂ ಇಲ್ಲದೆ ಬಸ್ಸಿನಲ್ಲಿ ಓಡಾಡಿದ್ದಾರೆ. ಮಲ್ಲೇಶ್ವರದಲ್ಲಿ ಮಗಳ ಮನೆ, ಮಾರ್ಕೆಟ್ ಪಕ್ಕದ ವಾಣಿವಿಲಾಸ ಆಸ್ಪತ್ರೆ, ಶಿವಾಜಿನಗರದಲ್ಲಿ ನೆಂಟರು. ಎಲ್ಲ ಕಡೆಗೂ ಒಬ್ಬರೇ.

ಹೇಗೆ ಎಂದು ಒಮ್ಮೆ ಕೇಳಿದ್ದೆ. ‘ಅದರಲ್ಲೇನು ಮೋನೆ, ಮಲ್ಲೇಶ್ವರಕ್ಕೆ ಎರಡು ಅಲಿಫಿನ ಬಸ್ಸು’ ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹನ್ನೊಂದನೇ ನಂಬರ್ ಬಸ್ಸು! ಅರಬಿಯ ಮೊದಲ ಅಕ್ಷರ ಅಲಿಫ್, ನೆಟ್ಟಗೆ ನಿಂತ ಒಂದು ಕೋಲು. ಅರಬಿಯಲ್ಲಿ ಒಂದು ಎಂಬ ಅಂಕಿಯೂ ಹಾಗೆಯೇ ಒಂದು ಕೋಲು. ನಾವು ದಿನಾ ಬರೆಯುವ 1 ಕೂಡ ಹೆಚ್ಚು ಕಡಿಮೆ ಅದೇ. ಹಾಗಾಗಿ ಬಸ್ಸಿನ ಹಣೆಯ ಮೇಲೆ 11 ಎಂದು ಬರೆದದ್ದು ಚಿಕ್ಕಮ್ಮನ ಕಣ್ಣಿಗೆ ಪಕ್ಕಪಕ್ಕ ನಿಂತ ಎರಡು ಅಲಿಫುಗಳಾಗಿ ಕಂಡಿತ್ತು. ಕನ್ನಡ ಅಂಕಿಯ ಹಲಗೆ ಇದ್ದರೆ ಅದು ‘ಎರಡು ಬಳೆಯ ಬಸ್ಸು’. ಅದನ್ನೂ ಕಲಿತುಕೊಂಡಿದ್ದರು.

ಎಲ್ಲ ನಂಬರೂ ಇಷ್ಟು ಸುಲಭವಿರಲಿಲ್ಲ. ಅರಬಿಯ ಐದು ನಮ್ಮ ಸೊನ್ನೆಯ ಹಾಗೆ ಕಾಣುತ್ತದೆ. ಅರಬಿಯ ಆರನ್ನು ಇಲ್ಲಿ ಏಳು ಎಂದು ಓದಿಬಿಡಬಹುದು. ಒಂದು ಮತ್ತು ಒಂಬತ್ತು ಮಾತ್ರ ಎರಡು ಕಡೆಯೂ ಬಹುತೇಕ ಒಂದೇ. ಇಷ್ಟೆಲ್ಲ ಗೋಜಲಿನ ನಡುವೆ ಅವರು ತನಗೆ ಬೇಕಾದ ನಾಲ್ಕೈದು ನಂಬರುಗಳನ್ನು ಗುರುತಿಟ್ಟುಕೊಂಡಿದ್ದರು. ಮದ್ರಸದಲ್ಲಿ ಪುಟ್ಟ ಮಕ್ಕಳಿಗೆ ಅಲಿಫ್ ತೋರಿಸುವಾಗ ಈಗಲೂ ನನಗೆ ಆ ಬಸ್ಸಿನ ನೆನಪಾಗುತ್ತದೆ.

ಕೇಳುವ ಬಸ್ಸು, ಓದುವ ಬಸ್ಸು

ಮಂಗಳೂರಿನ ಕಡೆಯವರಿಗೆ ಒಂದು ವಿಷಯ ಹೇಳಬೇಕು. ನಮ್ಮೂರಲ್ಲಿ ಸಿಟಿ ಬಸ್ಸೆಂದರೆ ಹೆಚ್ಚಾಗಿ ಪ್ರೈವೇಟ್ ಬಸ್ಸು. ಅದಕ್ಕೂ ನಂಬರ್ ಇರುತ್ತದೆ. ಆದರೆ ನಂಬರ್ ನೋಡದಿದ್ದರೂ ತೊಂದರೆ ಇಲ್ಲ. ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗುತ್ತಾನೆ. ಹತ್ತುವವರನ್ನು ಕೈಹಿಡಿದು ಎಳೆದುಕೊಳ್ಳುತ್ತಾನೆ, ‘ರೈಟ್ ಪೋಯಿ’ ಎನ್ನುತ್ತಾನೆ. ಅಲ್ಲಿ ಬಸ್ಸನ್ನು ಕಿವಿಯಲ್ಲಿ ಕೇಳಿ ಹತ್ತುತ್ತೇವೆ.

ಬೆಂಗಳೂರಿನಲ್ಲಿ ಹಾಗಲ್ಲ. ಇಲ್ಲಿ ಬಸ್ಸನ್ನು ಕಣ್ಣಲ್ಲಿ ಓದಬೇಕು. ಪಿಯುಸಿ ಮುಗಿಸಿ 1996ರಲ್ಲಿ ನಾನು ಇಲ್ಲಿಗೆ ಬಂದಾಗ ಮೊದಲು ಕಂಗಾಲಾದದ್ದು ಇದಕ್ಕೇ. ಶಿರಾಡಿ ಘಾಟಿ ಹತ್ತಿ ಬಂದ ರಾತ್ರಿ ಬಸ್ಸು ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಸಿತು. ಪಕ್ಕದ ಸಿಟಿ ಬಸ್ ನಿಲ್ದಾಣಕ್ಕೆ ಹೋದರೆ ಸಾಲು ಸಾಲು ಬಸ್ಸು. ಯಾರೂ ಊರಿನ ಹೆಸರು ಕೂಗುವುದಿಲ್ಲ. ‘ಚಾಮರಾಜಪೇಟೆಗೆ ಯಾವುದು?’ ಎಂದರೆ ಜನ ಒಂದು ನಂಬರ್ ಹೇಳಿ ಮುಂದೆ ಹೋಗುತ್ತಾರೆ. ಊರಿನ ಹೆಸರು ಕೇಳಿದರೆ ಅಂಕಿ ಉತ್ತರವಾಗಿ ಬರುವ ಪಟ್ಟಣ ನಾನು ಅದುವರೆಗೆ ನೋಡಿರಲಿಲ್ಲ.

ಚಿಕ್ಕಪ್ಪನಿಗೆ ಕಲಾಸಿಪಾಳ್ಯದ ಕಡೆ ಸಣ್ಣ ಅಂಗಡಿ ಇತ್ತು. ಅವರ ಜತೆ ಎರಡು ವರ್ಷ ಇದ್ದೆ. ಅಂಗಡಿಯ ಕೆಲಸಕ್ಕೆಂದು ದಿನಾ ಬಸ್ಸು. ಆರು ತಿಂಗಳಲ್ಲಿ ನಾನೂ ಆ ಅಂಕಿಯ ಭಾಷೆ ಕಲಿತೆ. ಎನ್.ಆರ್. ಕಾಲನಿ, ಗಾಂಧಿ ಬಜಾರ್ ಕಡೆಯಿಂದ ಪೇಟೆ ದಾಟಿ ಮೆಜೆಸ್ಟಿಕ್, ಶೇಷಾದ್ರಿಪುರದ ಮೇಲೆ ಮಲ್ಲೇಶ್ವರಕ್ಕೆ 11. ಬನಶಂಕರಿ, ಜಯನಗರ ಕಡೆಯಿಂದ ಶಿವಾಜಿನಗರಕ್ಕೆ 13. ಉತ್ತರಹಳ್ಳಿ ದಿಕ್ಕಿಗೆ 210. ಬನ್ನೇರುಘಟ್ಟದ ಮೃಗಾಲಯ ನೋಡುವವರಿಗೆ 365. ಹಳೆಯ ಬಡಾವಣೆಗಳಿಗೆ ಹೆಚ್ಚಾಗಿ ಒಂದಂಕಿ, ಎರಡಂಕಿಯ ನಂಬರು. ಊರು ಬೆಳೆದ ಹಾಗೆ ಹೊರಗಿನ ಬಡಾವಣೆಗಳಿಗೆ ಮೂರಂಕಿ. ಅದರ ಮೇಲೆ ಎ, ಬಿ, ಸಿ, ಡಿ ಎಂದು ಬಾಲಗಳು. ಯಾರಾದರೂ ‘ನಮ್ಮ ಮನೆಗೆ ಇಂಥ ನಂಬರ್ ಬರುತ್ತೆ’ ಎಂದರೆ ಅವರು ಹಳೇ ಬೆಂಗಳೂರಿನವರೋ ಹೊಸ ಬೆಂಗಳೂರಿನವರೋ ಎಂದು ಅದರಲ್ಲೇ ಗೊತ್ತಾಗುತ್ತಿತ್ತು.

ಎರಡು ಬಡಾವಣೆ, ಒಂದು ಬಸ್ಸು

ಹನ್ನೊಂದರ ಹಾದಿ ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಕೋಟೆ ಮತ್ತು ಪೇಟೆಯ ಪಕ್ಕದಲ್ಲಿ 1892ರಲ್ಲಿ ಚಾಮರಾಜಪೇಟೆ ಬಡಾವಣೆ ಎದ್ದಿತು. ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರು ಅದಕ್ಕೆ. 1898ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಿನ ಪೇಟೆಯಲ್ಲಿ ಜನ ಸತ್ತರು. ಉಳಿದವರಿಗೆ ಗಾಳಿ ಬೆಳಕಿನ ಜಾಗ ಬೇಕಾಯಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ತುಂಬಿಕೊಂಡವು. ಒಂದೇ ಮನೆತನದ ಅಣ್ಣ ಅಲ್ಲಿ, ತಮ್ಮ ಇಲ್ಲಿ. ತೌರು ಅಲ್ಲಿ, ಗಂಡನ ಮನೆ ಇಲ್ಲಿ. ನಡುವೆ ಪೇಟೆ. ಹಬ್ಬ, ಮದುವೆ, ಬಾಣಂತನ, ಸಾವು ಎಲ್ಲದಕ್ಕೂ ಜನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು. ಅವರಿಗೆ ಬೇಕಾದದ್ದು ಪೇಟೆ ಸೀಳಿಕೊಂಡು ನೇರ ಹೋಗುವ ಒಂದು ಬಸ್ಸು.

ಊರಿನ ಬಸ್ಸಿನ ಕಥೆಯೂ ಹಳೆಯದೇ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ ಎಂಬ ಖಾಸಗಿ ಕಂಪೆನಿ ಶುರುವಾಯಿತು. 1956ರಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು. ಅದೇ ನಮ್ಮೆಲ್ಲರ ಬಿಟಿಎಸ್, ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್. ಜನ ಅದಕ್ಕೆ ಬೇರೆಯೇ ಅರ್ಥ ಕೊಟ್ಟಿದ್ದರು: ‘ಬಿಟ್ರೆ ತಿರುಗಾ ಸಿಗೊಲ್ಲ’. ನಾನು ಬಂದ ಮರುವರ್ಷ, 1997ರ ಆಗಸ್ಟ್ 15ರಂದು, ಅದು ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ ಬಿಎಂಟಿಸಿ ಆಯಿತು. ಹೆಸರು ಬದಲಾದ ಮೇಲೂ ಎಷ್ಟೋ ವರ್ಷ ಹಿರಿಯರ ಬಾಯಲ್ಲಿ ಬಿಟಿಎಸ್ಸೇ ಇತ್ತು. ಅದೇ ಹೊತ್ತಿಗೆ ಎರಡು ಮಹಡಿಯ ಬಸ್ಸುಗಳೂ ರಸ್ತೆಯಿಂದ ಮರೆಯಾದವು. ಮೇಲಿನ ಮಹಡಿಯ ಮುಂದಿನ ಸೀಟಿಗಾಗಿ ಮಕ್ಕಳು ಜಗಳಾಡುತ್ತಿದ್ದುದನ್ನು ನಾನು ನೋಡಿದ್ದೇನೆ. ಹದಿನೆಂಟು ದಾಟಿದ್ದ ನನಗೂ ಅದೇ ಸೀಟು ಬೇಕಿತ್ತು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯೇನಿಲ್ಲ.

ಚಿಕ್ಕಮ್ಮ ಮನೆಯಿಂದ ನಡೆದು ರಾಮಕೃಷ್ಣ ಆಶ್ರಮದ ಸ್ಟಾಪಿಗೆ ಬರುತ್ತಿದ್ದರು. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಮಗಳಿಗೆಂದು ಮಾಡಿದ ಏನಾದರೊಂದು ತಿಂಡಿ. ಎರಡು ಅಲಿಫ್ ಕಂಡ ಕೂಡಲೇ ಮುಂದಿನ ಬಾಗಿಲಿಂದ ಹತ್ತಿ ಕುಳಿತರೆ ಮುಗಿಯಿತು. ಎಲ್ಲಿಯೂ ಇಳಿಯುವಂತಿಲ್ಲ, ಬದಲಿಸುವಂತಿಲ್ಲ, ಯಾರನ್ನೂ ಕೇಳುವಂತಿಲ್ಲ. ಸ್ಟಾಪುಗಳನ್ನು ಅವರು ಹೆಸರಿನಿಂದ ಅಲ್ಲ, ವಾಸನೆ ಮತ್ತು ಸದ್ದಿನಿಂದ ಗುರುತಿಸುತ್ತಿದ್ದರು. ಗಾಂಧಿ ಬಜಾರಿನ ಕಡೆಯಿಂದ ಬಂದ ಬಸ್ಸಿನಲ್ಲಿ ಮಲ್ಲಿಗೆಯ ಪರಿಮಳ. ಪೇಟೆಯ ಹತ್ತಿರ ಹಾರನ್ನು ಮತ್ತು ಹಮಾಲಿಗಳ ಕೂಗು. ಅರ್ಧ ಬಸ್ಸು ಖಾಲಿಯಾಗಿ ಮತ್ತೆ ತುಂಬಿಕೊಂಡರೆ ಮೆಜೆಸ್ಟಿಕ್. ಆಮೇಲೆ ಮರದ ನೆರಳು ಜಾಸ್ತಿಯಾದರೆ ಮಲ್ಲೇಶ್ವರ. 18ನೇ ಕ್ರಾಸಿನಲ್ಲಿ ಇಳಿದು ಮಗಳ ಮನೆಗೆ ಹತ್ತು ನಿಮಿಷ ನಡಿಗೆ.

ಕಂಡಕ್ಟರ್‌ಗಳಿಗೆ ಅವರ ಮುಖ ಗೊತ್ತಿತ್ತು. ‘ಏನಮ್ಮಾ, ಮಗಳ ಮನೆಗಾ?’ ಎನ್ನುತ್ತಿದ್ದರು. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಡುತ್ತಿದ್ದರು. ಚಿಕ್ಕಮ್ಮನಿಗೆ ಅದನ್ನು ಓದಲು ಬಾರದು. ಆದರೆ ಬರೆದಿದೆ ಎಂಬುದು ಗೊತ್ತಾಗುತ್ತಿತ್ತು. ಇಳಿಯುವಾಗ ಆ ಚೀಟಿ ಮುಂದೆ ಹಿಡಿದರೆ ಹಣ ವಾಪಸು. ‘ಆ ಜನ ಒಂದು ದಿನವೂ ನನಗೆ ಮೋಸ ಮಾಡಿದ್ದಿಲ್ಲ’ ಎಂದು ಇವತ್ತಿಗೂ ಹೇಳುತ್ತಾರೆ.

ಹಳೆಯದೆಲ್ಲ ಬಂಗಾರವಾಗಿರಲಿಲ್ಲ

ನೆನಪು ಎಲ್ಲವನ್ನೂ ಸಿಹಿ ಮಾಡಿಬಿಡುತ್ತದೆ. ಆ ಕಾಲದ ಬಸ್ಸಿನ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಲ್ಲ. ಫುಟ್‌ಬೋರ್ಡಿನ ಮೇಲೆ ಒಂದು ಕಾಲು ಇಟ್ಟು ಕಿಟಕಿಯ ಸರಳು ಹಿಡಿದು ನಾನು ಎಷ್ಟು ದೂರ ಹೋಗಿದ್ದೇನೋ ಲೆಕ್ಕವಿಲ್ಲ. ಬೆಳಗ್ಗೆ ಒಂಬತ್ತರ ಬಸ್ಸಿನಲ್ಲಿ ಹೆಂಗಸರ ಪಾಡು ಹೇಳತೀರದು. ಮಳೆ ಬಂದರೆ ಚಾವಣಿ ಸೋರಿ ಕೊಡೆ ಬಿಡಿಸಿ ಕುಳಿತವರನ್ನು ಕಂಡಿದ್ದೇನೆ. ಜೇಬುಗಳ್ಳರಂತೂ ಇದ್ದೇ ಇದ್ದರು. ಇಂದಿನ ಬಸ್ಸುಗಳು ಅದಕ್ಕಿಂತ ಎಷ್ಟೋ ಮೇಲು. ಎಲೆಕ್ಟ್ರಿಕ್ ಬಸ್ಸಿನಲ್ಲಿ ಹೊಗೆಯೂ ಇಲ್ಲ, ಇಂಜಿನ್ನಿನ ಸದ್ದೂ ಇಲ್ಲ. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಆದ್ದರಿಂದ ನೇತಾಡಿ ಬೀಳುವ ಭಯವಿಲ್ಲ. ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ಚಿಲ್ಲರೆ ಜಗಳವೂ ಇಲ್ಲ.

ಆದ್ದರಿಂದ ಹಳೆ ಬಸ್ಸು ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ಹಳೆ ಹಾದಿ ಕೆಲವರಿಗೆ ಒಳ್ಳೆಯದಿತ್ತು. ಅದನ್ನಷ್ಟೇ ಹೇಳುತ್ತಿದ್ದೇನೆ.

ಮೂರಂಕಿಯ ಕಾಲ

1991ರ ಜನಗಣತಿಯಲ್ಲಿ ಬೆಂಗಳೂರಿನ ಜನ ಸುಮಾರು 41 ಲಕ್ಷ. 2011ಕ್ಕೆ ಅದು 85 ಲಕ್ಷ ಆಯಿತು. ಈ ಹೊಸ ಜನ ಬಸವನಗುಡಿಯಲ್ಲೋ ಚಾಮರಾಜಪೇಟೆಯಲ್ಲೋ ಮನೆ ಮಾಡಲಿಲ್ಲ, ಅಲ್ಲಿ ಜಾಗ ಎಲ್ಲಿದೆ? ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಾಳ, ಸರ್ಜಾಪುರ ರಸ್ತೆ ಎಂದು ನಾಲ್ಕೂ ದಿಕ್ಕಿಗೆ ಹರಡಿದರು. ಬಸ್ಸು ಜನ ಇದ್ದಲ್ಲಿಗೆ ಹೋಗಬೇಕು. ಹೋಯಿತು. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ 335ಇ ತುಂಬಿ ತುಳುಕಿತು. ಹೊರವರ್ತುಲ ರಸ್ತೆಯಲ್ಲಿ 500ರ ಸಾಲು ಬಂತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500ಡಿ ಗೊತ್ತಿಲ್ಲದ ಐಟಿ ನೌಕರ ಇರಲಿಕ್ಕಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಾಗ ಅಲ್ಲಿಗೆ ಹೋಗುವ ಬಸ್ಸುಗಳ ಹೊಸ ಸಾಲು. 2009ರಲ್ಲಿ ಊರೊಳಗಿಂದ ಹೊರಗಿನ ಮುಖ್ಯ ರಸ್ತೆಗಳಿಗೆ ‘ಬಿಗ್ ಟೆನ್’ ಎಂದು ಜಿ ಅಕ್ಷರದ ಬಸ್ಸುಗಳು.

ಇದರಲ್ಲಿ ತಪ್ಪೇನಿಲ್ಲ. ಆದರೆ ಬಸ್ಸು ಉದ್ದವಾದ ಹಾದಿಗೆ ಹೋದ ಹಾಗೆ ಪೇಟೆಯ ಒಳಗಿನ ಗಿಡ್ಡ ಹಾದಿಗಳ ಕಡೆ ಗಮನ ಕಡಿಮೆಯಾಯಿತು. ಎರಡು ಹಳೆ ಬಡಾವಣೆಗಳ ನಡುವೆ ನೇರ ಹೋಗುವುದಕ್ಕಿಂತ, ಒಂದು ಬಸ್ಸಿನಲ್ಲಿ ಮೆಜೆಸ್ಟಿಕ್‌ಗೋ ಮಾರ್ಕೆಟಿಗೋ ಬಂದು ಅಲ್ಲಿ ಇನ್ನೊಂದು ಹಿಡಿಯುವುದೇ ರೂಢಿಯಾಯಿತು. ಕಾಲು ಗಟ್ಟಿಯಿದ್ದವರಿಗೆ ಅದು ಐದು ನಿಮಿಷದ ಕೆಲಸ. ಮೆಜೆಸ್ಟಿಕ್‌ನ ಇಷ್ಟೊಂದು ಪ್ಲಾಟ್‌ಫಾರಂಗಳಲ್ಲಿ ಸರಿಯಾದದ್ದು ಹುಡುಕಿ ಮೆಟ್ಟಿಲು ಹತ್ತಿ ಇಳಿಯುವುದು ಎಪ್ಪತ್ತು ದಾಟಿದವರಿಗೆ ಒಂದು ಯಾತ್ರೆ.

ರಸ್ತೆಗಳೂ ಬದಲಾದವು. ಮಲ್ಲೇಶ್ವರದ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎರಡೂ ಒನ್‌ವೇ. ಹೋಗುವ ಸ್ಟಾಪು ಒಂದು ರಸ್ತೆಯಲ್ಲಿ, ಬರುವ ಸ್ಟಾಪು ಇನ್ನೊಂದರಲ್ಲಿ. 1999ರಲ್ಲಿ ಮಾರ್ಕೆಟ್ ಮೇಲೆ ಎರಡೂವರೆ ಕಿಲೋಮೀಟರಿಗೂ ಉದ್ದದ ಸಿರ್ಸಿ ಸರ್ಕಲ್ ಫ್ಲೈಓವರ್ ಬಂದ ಮೇಲೆ ಮೈಸೂರು ರಸ್ತೆಗೆ ಹೋಗುವ ಕಾರುಗಳು ಪೇಟೆಯ ತಲೆ ಮೇಲಿಂದಲೇ ದಾಟಿ ಹೋದವು. ಕೆಳಗೆ ಬಸ್ಸು, ಗಾಡಿ, ಹೂವು, ತರಕಾರಿ, ಜನ ಮೊದಲಿನ ಹಾಗೇ ಉಳಿದರು. ಗಾಂಧಿ ಬಜಾರಿನ ಮುಖ್ಯ ರಸ್ತೆಯನ್ನು ಇತ್ತೀಚಿನ ವರ್ಷಗಳಲ್ಲಿ ಅಗೆದು ಹೊಸದಾಗಿ ಕಟ್ಟಿದರು.

ಆಶ್ಚರ್ಯವೆಂದರೆ ಹೆಸರುಗಳು ಮಾತ್ರ ಅಲ್ಲಾಡಿಲ್ಲ. ಮೆಜೆಸ್ಟಿಕ್ ಟಾಕೀಸು ಈಗಿಲ್ಲ, ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ, ಆದರೂ ಜನ ಟಿಕೆಟ್ ಕೇಳುವುದು ಮೆಜೆಸ್ಟಿಕ್‌ಗೇ. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು, ಸ್ಟಾಪು ಇನ್ನೂ ‘ಮೈಸೂರ್ ಬ್ಯಾಂಕ್’. ಬಸ್ಸಿನವರು ಇಟ್ಟುಕೊಂಡ ಹೆಸರು ಅಳಿಸುವುದು ಸುಲಭವಲ್ಲ.

ನೆಲದಡಿಯ ರೈಲು

‘ಮೆಟ್ರೊ ಇದೆಯಲ್ಲ ಉಸ್ತಾದ್’ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಇದೆ. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಪೇಟೆಯ ಅಡಿಯಿಂದ ಹಾದು ದಕ್ಷಿಣಕ್ಕೆ ಯಲಚೇನಹಳ್ಳಿಯವರೆಗೆ ತೆರೆಯಿತು. ಸಂಪಿಗೆ ರಸ್ತೆ, ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು. ಹಳೆಯ ಹನ್ನೊಂದು ಒಂದು ಗಂಟೆ ಏದುಸಿರು ಬಿಡುತ್ತಾ ಹೋಗುತ್ತಿದ್ದ ಊರನ್ನು ಅದು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ನಾನೇ ವಾರಕ್ಕೆರಡು ಸಲ ಹತ್ತುತ್ತೇನೆ. ಒಳ್ಳೆಯ ವ್ಯವಸ್ಥೆ.

ಆದರೆ ಚಿಕ್ಕಮ್ಮನಿಗೆ ಲೆಕ್ಕ ಬೇರೆ. ಚಾಮರಾಜಪೇಟೆಯ ಒಳಗೆ ಸ್ಟೇಷನ್ ಇಲ್ಲ. ಮಾರ್ಕೆಟ್ ಸ್ಟೇಷನ್ನಿಗೋ ನ್ಯಾಷನಲ್ ಕಾಲೇಜಿಗೋ ಆಟೋ ಬೇಕು. ಆ ತುದಿಯಲ್ಲಿ ಮಲ್ಲೇಶ್ವರದ 18ನೇ ಕ್ರಾಸಿನ ನಡುವೆ ಕೂಡ ಸ್ಟೇಷನ್ ಇಲ್ಲ. ಸಂಪಿಗೆ ರಸ್ತೆಯ ಸ್ಟೇಷನ್ ಮಲ್ಲೇಶ್ವರದ ಈಚೆಯ ತುದಿಯಲ್ಲಿದೆ, ಅಲ್ಲಿಂದ ಮಾರ್ಗ ರಾಜಾಜಿನಗರದ ಕಡೆಗೆ ತಿರುಗಿಬಿಡುತ್ತದೆ. ಅಲ್ಲಿಯೂ ಆಟೋ. ನಡುವೆ ಓಡುವ ಮೆಟ್ಟಿಲಿನ ಭಯ. ಒಂದೇ ಒಂದು ಸಲ ಕರೆದುಕೊಂಡು ಹೋಗಿದ್ದೆ. ಆ ಮೆಟ್ಟಿಲ ಮುಂದೆ ನಿಂತು ನನ್ನ ತೋಳು ಗಟ್ಟಿಯಾಗಿ ಹಿಡಿದರು, ಕಾಲು ಎತ್ತಲಿಲ್ಲ. ಲಿಫ್ಟ್ ಹುಡುಕಿ ಇಳಿದೆವು. ರೈಲಿನಲ್ಲಿ ಕುಳಿತ ಮೇಲೆ ಕಿಟಕಿಯ ಹೊರಗೆ ಕತ್ತಲೆ ನೋಡಿ, ‘ಊರು ಎಲ್ಲಿ ಹೋಯಿತು?’ ಎಂದು ಕೇಳಿದರು.

ಇನ್ನೂ ಒಂದು ವಿಷಯವಿದೆ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿತು. ಅದಕ್ಕೂ ಮೊದಲು ಜನವರಿ 5ರಿಂದ ಬಸ್ ದರ ಶೇ. 15 ಏರಿ ಕನಿಷ್ಠ ಟಿಕೆಟ್ 5ರಿಂದ 6 ರೂಪಾಯಿ ಆಗಿತ್ತು. ಆದರೆ ಚಿಕ್ಕಮ್ಮನಿಗೆ ಬಸ್ಸಿಗೆ ಹಣವೇ ಬೇಡ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ತೋರಿಸಿದರೆ ಶೂನ್ಯ ದರದ ಟಿಕೆಟ್. ಪ್ರೈವೇಟ್ ಬಸ್ಸೇ ಹೆಚ್ಚಿರುವ ನಮ್ಮ ಮಂಗಳೂರಿನ ಹೆಂಗಸರಿಗೆ ಇದರ ಪೂರ್ತಿ ಲಾಭ ಸಿಗಲಿಲ್ಲ, ಆ ದೃಷ್ಟಿಯಲ್ಲಿ ಬೆಂಗಳೂರಿನವರು ಅದೃಷ್ಟವಂತರು. ಬೆಳಗ್ಗೆ ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ, ಆಸ್ಪತ್ರೆಗೆ ಹೋಗುವ ಹೆಂಗಸರ ಚೀಲದಲ್ಲಿ ತಿಂಗಳಿಗೆ ನಾಲ್ಕು ಕಾಸು ಉಳಿಯುತ್ತಿದೆ. ಇದು ಸಣ್ಣ ಮಾತಲ್ಲ.

ಟಿಕೆಟ್ ಇದೆ, ಗುರುತು ಇಲ್ಲ

ಹಾಗಾದರೆ ಚಿಕ್ಕಮ್ಮ ಈಗ ಮಗಳ ಮನೆಗೆ ಹೋಗುತ್ತಾರೆಯೇ? ಇಲ್ಲ. ಚಿಕ್ಕಪ್ಪ ತೀರಿಕೊಂಡ ಮೇಲೆ ಮಗನ ಸಂಸಾರದ ಜತೆ ಅದೇ ಚಾಮರಾಜಪೇಟೆಯಲ್ಲಿದ್ದಾರೆ. ಮಗ ಒಳ್ಳೆಯವನೇ. ‘ಒಬ್ಬರೇ ಹೋಗಬೇಡಿ, ಭಾನುವಾರ ನಾನು ಕರೆದುಕೊಂಡು ಹೋಗ್ತೇನೆ’ ಎನ್ನುತ್ತಾನೆ. ಎಲ್ಲ ಭಾನುವಾರವೂ ಬಿಡುವಿರುವುದಿಲ್ಲ. ಅವನ ಕೆಲಸ ಹಾಗೆ. ಮೂವತ್ತು ವರ್ಷ ತನ್ನಷ್ಟಕ್ಕೆ ಚೀಲ ಹಿಡಿದು ಹೊರಟುಬಿಡುತ್ತಿದ್ದ ಹೆಂಗಸು ಈಗ ಮಗಳನ್ನು ನೋಡಲು ಮಗನ ಬಿಡುವು ಕಾಯುತ್ತಾರೆ.

ಕಳೆದ ರಮಳಾನಿಗೆ ಮೊದಲು ಒಂದು ಬೆಳಗ್ಗೆ ನಾನು ಜತೆಗೆ ಹೋದೆ. ಸ್ಟಾಪಿನಲ್ಲಿ ನಿಂತೆವು. ಅವರ ಕಣ್ಣು ಪ್ರತಿ ಬಸ್ಸಿನ ಹಣೆಯ ಮೇಲೆ. ಈಗ ಅಲ್ಲಿ ಬಣ್ಣ ಬಳಿದ ಹಲಗೆ ಇಲ್ಲ, ದೀಪದ ಅಕ್ಷರ. ಒಂದು ಕ್ಷಣ ಕನ್ನಡ, ಒಂದು ಕ್ಷಣ ಇಂಗ್ಲಿಷು, ಕೆಲವದರಲ್ಲಿ ಅಕ್ಷರ ಓಡುತ್ತಲೇ ಇರುತ್ತದೆ. ಪೊರೆ ಬಂದ ಕಣ್ಣಿಗೆ ಅದು ಕೈಗೆ ಸಿಗದ ಮೀನು. ಮೂರಂಕಿ, ಅದರ ಹಿಂದೆ ಒಂದು ಬಾಲ. ‘ಇದರಲ್ಲಿ ಅಲಿಫ್ ಒಂದೇ ಇದೆಯಲ್ಲ’ ಎಂದರು. ಮೊದಲು ಸಿಕ್ಕಿದ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿ ಕೇಳಿ ಮಲ್ಲೇಶ್ವರದ ಬಸ್ಸು ಹಿಡಿದೆವು. ಪ್ಲಾಟ್‌ಫಾರಂನಿಂದ ಪ್ಲಾಟ್‌ಫಾರಂಗೆ ನಡೆಯುವಾಗ ಎರಡು ಕಡೆ ಕುಳಿತು ಸುಧಾರಿಸಿಕೊಂಡರು. ಕಂಡಕ್ಟರ್ ಹುಡುಗ ಶೂನ್ಯ ಟಿಕೆಟ್ ಹರಿದು ಮರ್ಯಾದೆಯಿಂದಲೇ ಕೊಟ್ಟ. ಚಿಕ್ಕಮ್ಮ ಅದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ನನಗೆ ಹೇಳಿದರು: ‘ಆಗ ಹಣ ಇರಲಿಲ್ಲ, ಬಸ್ಸು ಗೊತ್ತಿತ್ತು. ಈಗ ಹಣ ಬೇಡ ಅಂತಾರೆ, ಬಸ್ಸೇ ಗೊತ್ತಿಲ್ಲ.’

ಆ ಮಾತು ನನ್ನನ್ನು ಬಿಡಲಿಲ್ಲ. ಓದಿದವರಾದ ನಮಗೆ ಬಸ್ಸಿನ ನಂಬರು ಒಂದು ಮಾಹಿತಿ. ಮೊಬೈಲಿನಲ್ಲಿ ಹುಡುಕಿದರೆ ಬಸ್ಸು ಎಲ್ಲಿ ಬರುತ್ತಿದೆ ಎಂದೂ ತೋರಿಸುತ್ತದೆ. ಅಕ್ಷರ ಬಾರದವರಿಗೆ ಆ ನಂಬರೇ ಅಕ್ಷರ. ಒಂದು ನಂಬರ್ ಕಲಿಯಲು ಅವರು ತಿಂಗಳು ತೆಗೆದುಕೊಂಡಿರುತ್ತಾರೆ. ಹಾದಿಯನ್ನು ಎರಡು ತುಂಡು ಮಾಡಿದರೆ, ನಂಬರ್ ಬದಲಿಸಿದರೆ, ಕಾಗದದ ಮೇಲೆ ಅದು ಸಣ್ಣ ತಿದ್ದುಪಡಿ. ಅವರಿಗೆ ಒಂದು ಬಾಗಿಲು ಮುಚ್ಚಿದ ಹಾಗೆ.

ನಮ್ಮ ಕೈಯಲ್ಲಿರುವುದು

ಇದನ್ನು ಬರೆಯುವಾಗ ಬರೀ ನೆನಪಿಗೆ ನಿಲ್ಲಿಸಬಾರದು ಅನ್ನಿಸಿತು. ನಮ್ಮ ಸಮುದಾಯದ ಸಾಕಷ್ಟು ಮನೆಗಳು ಬೆಂಗಳೂರಿನಲ್ಲಿವೆ. ಅಂಗಡಿ, ಹೋಟೆಲು, ವ್ಯಾಪಾರ ಎಂದು ಬಂದವರ ಹಿಂದೆ ಉಮ್ಮಂದಿರು, ಅತ್ತೆಯಂದಿರು ಬಂದಿದ್ದಾರೆ. ಗಂಡಸರು ಬೈಕು, ಕಾರು ಹತ್ತಿ ಹೋಗುತ್ತೇವೆ. ಇವರು ನಾಲ್ಕು ಗೋಡೆಯೊಳಗೆ ಉಳಿಯುತ್ತಾರೆ. ಕಾರಣ ಕೇಳಿದರೆ ‘ವಯಸ್ಸಾಯಿತು’ ಎಂದುಬಿಡುತ್ತೇವೆ. ಎಷ್ಟೋ ಸಲ ಕಾರಣ ವಯಸ್ಸಲ್ಲ, ಹಾದಿ ತಿಳಿಯದಿರುವುದು.

ಮೊದಲನೆಯದು, ಮನೆಯ ಹಿರಿಯರು ಎಲ್ಲಿಗೆ ಹೋಗಲು ಆಸೆಪಡುತ್ತಾರೆ ಎಂದು ಕೇಳಿ. ಹೆಚ್ಚೆಂದರೆ ಮೂರೋ ನಾಲ್ಕೋ ಜಾಗ ಹೇಳುತ್ತಾರೆ. ಅಲ್ಲಿಗೆ ಹೋಗುವ ಈಗಿನ ಬಸ್ಸು ಯಾವುದು, ಎಲ್ಲಿ ಇಳಿಯಬೇಕು, ವಾಪಸು ಬರುವ ಸ್ಟಾಪು ಎಲ್ಲಿ ಎಂದು ವಿಚಾರಿಸಿ, ನಾಲ್ಕು ಸಲ ಜತೆಗೆ ಹೋಗಿ. ಐದನೇ ಸಲ ಅವರೇ ಹೋಗುತ್ತಾರೆ. ನಂಬರನ್ನು ದಪ್ಪ ಕಾಗದದ ಮೇಲೆ ದೊಡ್ಡದಾಗಿ ಬರೆದು ಕೊಡಿ. ಸ್ಟಾಪಿನಲ್ಲಿ ಅದನ್ನು ಯಾರಿಗೆ ತೋರಿಸಿದರೂ ಕೈ ಮಾಡಿ ಬಸ್ಸು ನಿಲ್ಲಿಸಿ ಹತ್ತಿಸುತ್ತಾರೆ, ಬೆಂಗಳೂರಿನ ಜನ ಅಷ್ಟು ಒಳ್ಳೆಯವರು.

ಎರಡನೆಯದು, ಕೇಳುವುದು. ಹೊಸ ಬಡಾವಣೆಯವರು ಸಂಘ ಕಟ್ಟಿ ಮನವಿ ಕೊಟ್ಟು ಬಸ್ಸು ತರಿಸಿಕೊಳ್ಳುತ್ತಾರೆ. ಹಳೆ ಪೇಟೆಯವರು ಕೇಳುವುದೇ ಇಲ್ಲ, ‘ಮೊದಲಿಂದ ಇದೆಯಲ್ಲ’ ಎಂದುಕೊಂಡಿರುತ್ತೇವೆ. ದೊಡ್ಡ ಬಸ್ಸು ಬೇಡ, ಹವಾನಿಯಂತ್ರಣ ಬೇಡ. ಚಾಮರಾಜಪೇಟೆ, ಬಸವನಗುಡಿ, ಮಾರ್ಕೆಟ್, ಮಲ್ಲೇಶ್ವರಗಳ ನಡುವೆ ಇಳಿಯದೆ ಹೋಗುವ ಸಣ್ಣ ಬಸ್ಸುಗಳು, ದಾರಿಯಲ್ಲಿ ವಿಕ್ಟೋರಿಯಾ, ವಾಣಿವಿಲಾಸ, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ. ಹಣೆಯ ಮೇಲೆ ಅಲ್ಲಾಡದೆ ನಿಲ್ಲುವ ದೊಡ್ಡ ನಂಬರು. ಒಮ್ಮೆ ಕೊಟ್ಟ ನಂಬರನ್ನು ಬೇಗ ಬದಲಿಸದಿರುವುದು. ಮೆಟ್ರೊ ಸ್ಟೇಷನ್ನಿನಿಂದ ಹೊರಡುವ ಫೀಡರ್ ಬಸ್ಸುಗಳು ಹೊರಗಿನ ಬಡಾವಣೆಗಳಿಗೆ ಎಷ್ಟು ಮುಖ್ಯವೋ ಹಳೆ ಪೇಟೆಯ ಗಲ್ಲಿಗಳಿಗೂ ಅಷ್ಟೇ ಮುಖ್ಯ. ಇದನ್ನು ಹಿಂದೂ, ಮುಸ್ಲಿಂ ಎಂದು ನೋಡದೆ ಎಲ್ಲ ನೆರೆಹೊರೆಯವರು ಸೇರಿ ಕೇಳಬೇಕು. ಗಾಂಧಿ ಬಜಾರಿನ ಅಜ್ಜಿಗೂ ಚಾಮರಾಜಪೇಟೆಯ ನನ್ನ ಚಿಕ್ಕಮ್ಮನಿಗೂ ಇರುವ ಮಂಡಿನೋವು ಒಂದೇ.

ಆ ದಿನ ಮಲ್ಲೇಶ್ವರದಿಂದ ಬಂದ ಮೇಲೆ ನಾನು ಹಳೆಯ ಕ್ಯಾಲೆಂಡರಿನ ಹಿಂಭಾಗ ಕತ್ತರಿಸಿ ಎರಡು ಕಾರ್ಡು ಮಾಡಿದೆ. ಮೆಜೆಸ್ಟಿಕ್‌ವರೆಗಿನ ನಂಬರು ಒಂದರಲ್ಲಿ, ಅಲ್ಲಿಂದ ಮುಂದಿನದು ಇನ್ನೊಂದರಲ್ಲಿ. ಮದ್ರಸದಲ್ಲಿ ಮಕ್ಕಳಿಗೆ ಕಲಿಸುವ ಹಾಗೆ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಹೇಳಿಕೊಟ್ಟೆ. ‘ಇದು ನಿಮ್ಮ ಐದಲ್ಲ, ಇದು ಸೊನ್ನೆ. ಇದು ಆರಲ್ಲ, ಏಳು.’ ಚಿಕ್ಕಮ್ಮ ಬಾಯಿಪಾಠ ಮಾಡುವ ಹುಡುಗಿಯ ಹಾಗೆ ತುಟಿ ಅಲ್ಲಾಡಿಸಿದರು. ವಾರಕ್ಕೊಮ್ಮೆ ಹೋಗಿ ಪಾಠ ಒಪ್ಪಿಸಿಕೊಳ್ಳುತ್ತೇನೆ. ಮೊದಲ ಕಾರ್ಡು ಪೂರ್ತಿ ಬಂದಿದೆ. ಎರಡನೆಯದರಲ್ಲಿ ಇನ್ನೂ ತಪ್ಪುತ್ತಾರೆ. ಮೊನ್ನೆ ಮೊಮ್ಮಗನ ಜತೆ ಮೆಜೆಸ್ಟಿಕ್‌ವರೆಗೆ ಹೋಗಿ ಬಂದರಂತೆ. ಬಸ್ಸು ತೋರಿಸಿದ್ದು ಹುಡುಗ ಅಲ್ಲ, ತಾನೇ ಎಂದು ಎರಡೆರಡು ಸಲ ಹೇಳಿದರು.

ಆಮೇಲೆ ಕೇಳಿದರು, ‘ಆ ಎರಡು ಅಲಿಫಿನದ್ದು ಈ ಕಡೆ ಬಂದರೆ ನನಗೊಂದು ಮಾತು ಹೇಳು ಮೋನೆ.’

ಹೇಳುತ್ತೇನೆ ಎಂದಿದ್ದೇನೆ.